ಪಟ್ಟಾ ಹರಿದಾಗ: ಒಂದು ವಿಚಾರ

(ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿ, ಅಗಡಿ)

ಎತ್ತಿನ ಗಾಡಿಯ ಕಾಲದಲ್ಲಿ ದಾರಿಯಲ್ಲಿ ಹಗ್ಗ ಹರಿದರೆ ರೈತನು ಬದುವಿನ ಮೇಲೆ ಕುಳಿತು ಹುರಿ ಹೊಸೆದು, ಗಂಟು ಹಾಕಿ ಮುಂದೆ ಸಾಗುತ್ತಿದ್ದನು. ಹಗ್ಗ ಏಕೆ ಹರಿಯಿತೆಂಬುದು ಅವನ ಕಣ್ಣಿಗೇ ಕಾಣುತ್ತಿತ್ತು. ಇಂದು ನಮ್ಮ ಅಗಡಿಯಂಥ ಹಳ್ಳಿಯಲ್ಲಿಯೂ ಹೊಲಕ್ಕೆ ಟ್ರ್ಯಾಕ್ಟರು, ಸಂತೆಗೆ ಟೆಂಪೊ, ಬೀಸುವದಕ್ಕೆ ಗಿರಣಿ ಬಂದಿವೆ. ಇವುಗಳಲ್ಲಿಯೂ ಒಂದು ಹಗ್ಗವಿದೆ. ಅದಕ್ಕೆ ಪಟ್ಟಾ ಅಥವಾ ಬೆಲ್ಟು ಎನ್ನುತ್ತೇವೆ. ಅದು ಹರಿದಾಗಲೇ ನಮಗೆ ಅದರ ನೆನಪು. ಅದರಲ್ಲಿಯೂ ಗ್ಯಾರೇಜಿನಲ್ಲಿ ರೊಕ್ಕ ಸುರಿದು ದುರಸ್ತಿ ಮಾಡಿಸಿಕೊಂಡು ಬಂದ ನಾಲ್ಕೇ ದಿನಕ್ಕೆ ಹರಿದರೆ ಹೊಟ್ಟೆ ಉರಿಯದವರಾರು? ಆಗ ಮಾಡತಕ್ಕದ್ದೇನು, ಕೇಳತಕ್ಕದ್ದು ಯಾರನ್ನು ಎಂಬುದೇ ಈ ಲೇಖನದ ವಿಷಯ.

ಕಲಾ ವಿಭಾಗದ ವಿದ್ಯಾರ್ಥಿಗೆ ಎಂಜಿನ್ನಿನ ಉಸಾಬರಿ ಏಕೆಂದು ವಾಚಕರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಪಾವತಿ ಓದಿಸಲು, ಅರ್ಜಿ ಬರೆಸಲು ಓಣಿಯವರು ನನ್ನಲ್ಲಿಗೇ ಬರುತ್ತಾರೆ. ಅವರಿಗೆ ಉತ್ತರ ಹೇಳುವ ಸಲುವಾಗಿ ನಾನು ಇದನ್ನು ಕಲಿಯಬೇಕಾಯಿತು.

ಮೊದಲು ಪಟ್ಟಾದ ಕೆಲಸವನ್ನು ತಿಳಿಯೋಣ. ಎಂಜಿನ್ನಿನ ಮುಂಭಾಗದಲ್ಲಿ ಕ್ರ್ಯಾಂಕಿನ ತುದಿಗೆ ಒಂದು ಪುಲ್ಲಿ ಇರುವದು. ಅದು ತಿರುಗಿದಂತೆ ಪಟ್ಟಾ ತಿರುಗಿ, ನೀರಿನ ಪಂಪು, ಫ್ಯಾನು ಮತ್ತು ಬ್ಯಾಟರಿಗೆ ವಿದ್ಯುತ್ತು ತುಂಬುವ ಡೈನಮೊಗಳನ್ನು ತಿರುಗಿಸುವದು. ಹಲ್ಲುಗಳಿಲ್ಲದ ಈ ಪಟ್ಟಾ ಕೇವಲ ತಿಕ್ಕಾಟದ ಬಲದಿಂದ ಹಿಡಿತ ಸಾಧಿಸುವದು. ಹಿಂದೆ ಗಿರಣಿಗಳಲ್ಲಿ ಚಪ್ಪಟೆ ಪಟ್ಟಾ ಇರುತ್ತಿತ್ತು. 1917ರಲ್ಲಿ ಅಮೆರಿಕೆಯ ಡೆನ್ವರ್ ನಗರದ ಜಾನ್ ಗೇಟ್ಸ್ ಎಂಬವರು ರಬ್ಬರಿನ ವ್ಹಿ-ಪಟ್ಟಾವನ್ನು ರೂಪಿಸಿದರು. ಇದರ ಎರಡು ಪಕ್ಕಗಳು ಸುಮಾರು 40 ಅಂಶದ ಕೋನದಲ್ಲಿ ಇಳಿಜಾರಾಗಿದ್ದು, ಮರ ಸೀಳುವ ಬೆಣೆಯಂತೆ ಪುಲ್ಲಿಯ ಗಾಡಿಯಲ್ಲಿ ಕಚ್ಚಿ ಕೂಡ್ರುವವು. ಚಪ್ಪಟೆ ಪಟ್ಟಾ ಪುಲ್ಲಿಯ ಅರ್ಧ ಸುತ್ತನ್ನು ಅಪ್ಪಿದಾಗ ಬಿಗಿ ಬದಿಯ ಎಳೆತವು ಸಡಿಲು ಬದಿಯ ಎಳೆತದ ಸುಮಾರು ಎರಡೂವರೆ ಪಟ್ಟು ಆಗುವವರೆಗೆ ಜಾರದು. ಅದೇ ತಿಕ್ಕಾಟದಲ್ಲಿ ವ್ಹಿ-ಪಟ್ಟಾ ಸುಮಾರು 15 ಪಟ್ಟಿನವರೆಗೆ ತಡೆಯುವದೆಂದು ಗಣಿತ ಹೇಳುತ್ತದೆ. ಇದರಿಂದ ಒಂದು ಮಾತು ಸ್ಪಷ್ಟವಾಗುವದು: ವ್ಹಿ-ಪಟ್ಟಾದ ಜೀವ ಅದರ ಪಕ್ಕಗಳಲ್ಲಿದೆ, ತಳದಲ್ಲಿ ಇಲ್ಲ.

ಇನ್ನೊಂದು ಜಾತಿಯ ಪಟ್ಟಾ ಇದೆ. ಕೆಲವು ಕಾರುಗಳಲ್ಲಿ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವ ಹಲ್ಲಿನ ಪಟ್ಟಾ, ಅರ್ಥಾತ್ ಟೈಮಿಂಗ್ ಬೆಲ್ಟು, ಮುಚ್ಚಳದೊಳಗೆ ಅಡಗಿರುವದು. 1960ರ ದಶಕದ ಆರಂಭದಲ್ಲಿ ಜರ್ಮನಿಯ ಗ್ಲಾಸ್ ಕಂಪನಿಯ ಕಾರಿನಿಂದ ಇದು ಬಳಕೆಗೆ ಬಂದಿತು. ಇದು ಹರಿದರೆ ಎಂಜಿನ್ನು ತಟ್ಟನೆ ನಿಲ್ಲುವದು. ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ನು ಹೋಗಿ ವಾಲ್ವಿಗೆ ಬಡಿದು ಅದನ್ನು ಬಾಗಿಸುವದು. ಆದುದರಿಂದ ಅಂಥ ಕಾರನ್ನು ನೂಕಿ ಚಾಲೂ ಮಾಡಲು ಹೋಗಬಾರದು. ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಈ ಕೆಲಸಕ್ಕೆ ಗಿಯರುಗಳೇ ಇರುವದರಿಂದ ರೈತನಿಗೆ ಈ ಭಯ ಕಡಿಮೆ.

ಹೊರಗಿನ ಪಟ್ಟಾ ಹರಿದಾಗ ಬ್ಯಾಟರಿಯ ಕೆಂಪು ದೀಪ ಹತ್ತುವದು. ಸ್ವಲ್ಪ ಹೊತ್ತಿನಲ್ಲಿ ಕಾವಿನ ಮುಳ್ಳು ಮೇಲೇರುವದು. ‘ಇನ್ನು ಎರಡು ಮೈಲು, ಹೇಗಾದರೂ ಮುಟ್ಟೋಣ’ ಎಂಬ ಆಶೆಯೇ ದೊಡ್ಡ ಶತ್ರು. ನೀರು ಸುತ್ತದೆ ಹೋದರೆ ಎಂಜಿನ್ನಿನ ಹೆಡ್ಡು ಸೊಟ್ಟಾಗಿ ಗ್ಯಾಸ್ಕೆಟ್ಟು ಸುಡುವದು. ಕೆಲವು ನೂರು ರೂಪಾಯಿಯ ಪಟ್ಟಾಕ್ಕಾಗಿ ಹಲವು ಸಾವಿರದ ಎಂಜಿನ್ನನ್ನು ಒತ್ತೆ ಇಟ್ಟಂತೆ. ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ನು ಆರಿಸಬೇಕು. ರೇಡಿಯೇಟರಿನ ಮುಚ್ಚಳವನ್ನು ಆಗಲೇ ತೆರೆಯಬಾರದು. ಒತ್ತಡದಲ್ಲಿರುವ ನೀರು 100 ಅಂಶಕ್ಕಿಂತ ಹೆಚ್ಚು ಕಾದಿದ್ದರೂ ಕುದಿಯದೆ ಇರಬಹುದು. ಮುಚ್ಚಳ ತೆರೆದೊಡನೆ ಉಕ್ಕಿ ಮುಖದ ಮೇಲೆ ಹಾರುವದು.

ಇನ್ನು ಮುಖ್ಯವಾದ ಮಾತು. ಹರಿದ ಪಟ್ಟಾವನ್ನು ಸಿಟ್ಟಿನಿಂದ ಪೊದೆಗೆ ಎಸೆಯಬಾರದು. ಅದರ ತುಂಡುಗಳನ್ನೆಲ್ಲ ಚೀಲದಲ್ಲಿ ಕಟ್ಟಿಡಬೇಕು. ಬಲ್ಲವರಿಗೆ ಅದು ಮಾತನಾಡುವ ಸಾಕ್ಷಿ.

ಒಂದೇ ಪಕ್ಕ ಸವೆದು ನೂಲು ಎದ್ದಿದ್ದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲವೆಂದು ತಿಳಿಯಬೇಕು. ಎರಡೂ ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದು ಸುಟ್ಟ ವಾಸನೆ ಬರುತ್ತಿದ್ದರೆ ಪಟ್ಟಾ ಸಡಿಲಾಗಿ ಜಾರಿದೆ, ಇಲ್ಲವೆ ಯಾವುದೋ ಬೇರಿಂಗು ಬಿಗಿದುಕೊಂಡಿದೆ. ಉಬ್ಬಿ ಮೆತ್ತಗಾಗಿದ್ದರೆ ಎಣ್ಣೆಯೋ ಡೀಸೆಲ್ಲೋ ಸೋರಿ ಬಿದ್ದಿದೆ. ತಳ ಹೊಳೆಯುತ್ತಿದ್ದರೆ ಪಟ್ಟಾದ ಅಳತೆ ತಪ್ಪಿದೆ ಅಥವಾ ಪುಲ್ಲಿಯೇ ಸವೆದಿದೆ. ‘ಎ’ ಜಾತಿಯ ಪಟ್ಟಾದ ಅಗಲ 13 ಮಿಲಿಮೀಟರು, ‘ಬಿ’ ಜಾತಿಯದು 17. ಅಂಗಡಿಯಲ್ಲಿ ಕಣ್ಣಂದಾಜಿನಿಂದ ಕೊಟ್ಟರೆ ಅನರ್ಥವಾಗುವದು. ಒಂದೇ ಕಡೆ ಒಳಗಿನ ನೂಲು ತುಂಡಾಗಿದ್ದರೆ, ಹಾಕುವಾಗ ಸ್ಕ್ರೂ ಡ್ರೈವರಿನಿಂದ ಮೀಟಿ ಏರಿಸಿರಬಹುದು. ತಳದ ತುಂಬ ಅಡ್ಡ ಬಿರುಕುಗಳಿದ್ದರೆ ಅದು ಮುಪ್ಪಿನ ಲಕ್ಷಣ. ಆ ಪಟ್ಟಾ ಹೊಸದೇ ಅಲ್ಲ.

ತರ್ಕಶಾಸ್ತ್ರದಲ್ಲಿ ಕಾಕತಾಳೀಯ ನ್ಯಾಯವೆಂಬುದೊಂದಿದೆ. ಕಾಗೆ ಕುಳಿತ ಹೊತ್ತಿಗೆ ತಾಳೆಯ ಹಣ್ಣು ಬಿದ್ದಿತು. ಕಾಗೆಯ ಭಾರಕ್ಕೇ ಬಿದ್ದಿತೆನ್ನಬಹುದೆ? ಹಾಗೆಯೇ, ದುರಸ್ತಿಯ ನಂತರ ಕೆಟ್ಟಿತೆಂದ ಮಾತ್ರಕ್ಕೆ ದುರಸ್ತಿಯಿಂದಲೇ ಕೆಟ್ಟಿತೆನ್ನಲಾಗದು. ಆದರೆ ‘ಅದೆಲ್ಲ ಕಾಕತಾಳೀಯ’ ಎಂದು ಗ್ಯಾರೇಜಿನವರು ಕೈ ತೊಳೆದುಕೊಳ್ಳುವದೂ ನ್ಯಾಯವಲ್ಲ. ಪಟ್ಟಾ ನೋಡಿಯೇ ನಿರ್ಣಯಿಸಬೇಕು.

ನನ್ನ ಕಾಕಾನ ಟ್ರ್ಯಾಕ್ಟರಿನ ಉದಾಹರಣೆ ಹೇಳುತ್ತೇನೆ. 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಚೀಲಗಳನ್ನು ಹೇರಿಕೊಂಡು ಅವನು ಬ್ಯಾಡಗಿಯ ಮಾರುಕಟ್ಟೆಗೆ ಹೊರಟಿದ್ದನು. ನೀರಿನ ಪಂಪು ದುರಸ್ತಿಯಾಗಿ, ಹೊಸ ಪಟ್ಟಾ ಬಿದ್ದು ನಾಲ್ಕು ದಿನವಾಗಿತ್ತು. ಮೋಟೆಬೆನ್ನೂರಿನ ಹತ್ತಿರ ಪಟ್ಟಾ ಹರಿಯಿತು. ಆ ದಿನದ ಟೆಂಡರು ತಪ್ಪಿತು. ಸಾಲದ ಕಂತಿಗೆಂದು ನೆಚ್ಚಿದ್ದ ರೊಕ್ಕ ಅದು. ಕಾಕಾ ಜಗಳಕ್ಕೇ ನಿಂತನು. ‘ಹೊಸಾ ಪಟ್ಟಾನ ಹಾಕೇನ್ರಿ ಯಜಮಾನ್ರ, ಮಾಲ ಸುಮಾರ ಇದ್ದರ ನಾ ಏನ್ ಮಾಡ್ಲಿ?’ ಎಂದನು ಮಿಸ್ತ್ರಿ. ಅಂಗಡಿಯವನು ಜೋಡಣೆಯ ಮೇಲೆ ಹಾಕಿದನು. ನಾವು ಪಟ್ಟಾವನ್ನು ಮೇಜಿನ ಮೇಲೆ ಇಟ್ಟೆವು. ಎಡಪಕ್ಕ ಮಾತ್ರ ಸವೆದಿತ್ತು. ಮಿಸ್ತ್ರಿಯೇ ಸುಮ್ಮನಾಗಿ ಪುಲ್ಲಿಗಳ ಮುಖಕ್ಕೆ ದಾರ ಹಿಡಿದನು. ಪಂಪಿನ ಪುಲ್ಲಿ ಒಂದು ಜೋಳದ ಕಾಳಿನಷ್ಟು ಹೊರಗಿತ್ತು. ಅದರ ಹಿಂದೆ ಒಂದು ವಾಷರು ಹೆಚ್ಚಿಗೆ ಬಿದ್ದಿತ್ತು. ಅವನು ಅದನ್ನು ಸರಿಪಡಿಸಿ ಹೊಸ ಪಟ್ಟಾವನ್ನು ರೊಕ್ಕ ಕೇಳದೆ ಹಾಕಿಕೊಟ್ಟನು. ತಪ್ಪಿದ ಟೆಂಡರು ಮಾತ್ರ ತಿರುಗಿ ಬರಲಿಲ್ಲ. ಆದರೂ ಬೈಗುಳದಿಂದ ಆಗದ ಕೆಲಸವನ್ನು ಒಂದು ಮೊಳ ದಾರ ಮಾಡಿತು.

ಮಿಸ್ತ್ರಿಯನ್ನು ಹಗುರಾಗಿ ಕಾಣಬಾರದು. ಕಿರ್ಲೋಸ್ಕರ ಮನೆತನದ ದೊಡ್ಡ ಉದ್ಯಮ 1888ರಲ್ಲಿ ನಮ್ಮ ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ ಆರಂಭವಾಯಿತು. ಕೈ ಮಸಿಯಾದವರಿಗೂ ಮಾನವಿದೆ. ಸಾಕ್ಷಿ ಮುಂದಿಟ್ಟು ಮರ್ಯಾದೆಯಿಂದ ಕೇಳಿದರೆ ಬಹಳ ವ್ಯಾಜ್ಯಗಳು ಅಲ್ಲಿಯೇ ಮುಗಿಯುವವು. ಮುಗಿಯದಿದ್ದರೆ ಕಾನೂನು ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ರೊಕ್ಕ ಕೊಟ್ಟು ಮಾಡಿಸಿದ ದುರಸ್ತಿಯೂ ಸೇವೆಯೇ; ಅದರಲ್ಲಿಯ ನ್ಯೂನತೆಗೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಕೊಟ್ಟ ರೊಕ್ಕ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. 1915 ಎಂಬ ಸಹಾಯವಾಣಿಯೂ ಇದೆ. ಆದರೆ ಪುಕ್ಕಟೆ ಸೇವೆ ಈ ಕಾಯಿದೆಯಲ್ಲಿ ಬರುವದಿಲ್ಲ. ಪಾವತಿ ಇಲ್ಲದಿದ್ದರೆ ರೊಕ್ಕ ಕೊಟ್ಟದ್ದನ್ನು ಸಾಧಿಸುವದೇ ಕಷ್ಟ. ‘ಪರಿಚಯದವ, ಪಾವತಿ ಯಾಕ’ ಎಂಬ ದಾಕ್ಷಿಣ್ಯವೇ ನಮ್ಮವರ ಕೈ ಕಟ್ಟುವದು.

ಆದುದರಿಂದ ಗ್ಯಾರೇಜು ಬಿಡುವ ಮೊದಲೇ ನಾಲ್ಕು ಕೆಲಸ ಮಾಡಬೇಕು. ಒಂದು, ಮಾಡಿದ ಕೆಲಸ ಹಾಗೂ ಪಟ್ಟಾದ ನಂಬರು ಬರೆಸಿದ ಪಾವತಿ ಪಡೆಯಬೇಕು. ಎರಡು, ತೆಗೆದ ಹಳೆಯ ಸಾಮಾನು ಕೇಳಿ ಪಡೆಯಬೇಕು. ಮೂರು, ಎಂಜಿನ್ನು ನಿಲ್ಲಿಸಿ ಪುಲ್ಲಿಗಳಿಗೆ ದಾರ ಹಿಡಿಸಿ, ಪಟ್ಟಾದ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಎಷ್ಟು ತಗ್ಗಬೇಕೆಂಬುದಕ್ಕೆ ಗಾಡಿಯ ಕೈಪಿಡಿಯೇ ಪ್ರಮಾಣ. ಸಾಮಾನ್ಯ ನಿಯಮದಂತೆ ಪುಲ್ಲಿಗಳ ನಡುವಿನ 1 ಮೀಟರು ಉದ್ದಕ್ಕೆ 16 ಮಿಲಿಮೀಟರು. ಅತಿ ಬಿಗಿಯಾದರೆ ಬೇರಿಂಗು ಹಾಳು, ಅತಿ ಸಡಿಲಾದರೆ ಪಟ್ಟಾ ಹಾಳು. ನಾಲ್ಕು, ಹೊಸ ಪಟ್ಟಾ ಮೊದಲ ದಿನ ಓಡಿ ಗಾಡಿಯಲ್ಲಿ ಕುಳಿತ ಮೇಲೆ ಸ್ವಲ್ಪ ಸಡಿಲಾಗುವದು. ಮರುದಿನ ಮತ್ತೆ ಬಿಗಿಸಬೇಕು.

ಇವುಗಳಲ್ಲಿ ಯಾವುದಕ್ಕೂ ಪದವಿ ಬೇಕಿಲ್ಲ, ಹೆಚ್ಚಿನ ಖರ್ಚೂ ಇಲ್ಲ. ಯಂತ್ರ ಕೊಂಡ ಮೇಲೆ ಅದರ ಗುಣದೋಷ ತಿಳಿಯುವದು ಎತ್ತು ಕೊಂಡವನು ಹಲ್ಲು ಎಣಿಸುವಷ್ಟೇ ಸಹಜವಾಗಬೇಕು. ನಮ್ಮ ಹಿರಿಯರು ಎತ್ತಿನ ನಡಿಗೆ ನೋಡಿಯೇ ಗೊರಸಿನ ನೋವನ್ನು ಗುರುತಿಸುತ್ತಿದ್ದರು. ಆ ಕಣ್ಣನ್ನು ನಾವು ಎಂಜಿನ್ನಿನ ಕಡೆಗೂ ಹೊರಳಿಸಿದರೆ ಸಾಕು.