ಥಾರ್ ವಾಹನವೂ ದೊಡ್ಡಬಳ್ಳಾಪುರದ ಕೆಮ್ಮಣ್ಣೂ

ಗುಂಡನೆಯ ದೀಪಗಳು, ನೆಟ್ಟಗೆ ನಿಂತ ಮುಂಗಾಜು, ಹೊರಗೇ ಕಾಣುವ ಬಾಗಿಲ ಕೀಲುಗಳು, ಬೆನ್ನಮೇಲೆ ಹೊತ್ತ ಸ್ಟೆಪ್ನಿ, ಇವನ್ನು ಕಂಡೊಡನೆ ಅಮಲ್ದಾರರು ಜೀಪಿನಲ್ಲಿ ಹಳ್ಳಿಗೆ ಬರುತ್ತಿದ್ದ ಕಾಲವು ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು ಸಹಜವೇ ಸರಿ. ಏಕೆಂದರೆ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದ ಮಹೀಂದ್ರಾ ಸಂಸ್ಥೆಯೇ 2010ರಲ್ಲಿ ಥಾರ್ ವಾಹನವನ್ನೂ, 2020ರ ಅಕ್ಟೋಬರಿನಲ್ಲಿ ಅದರ ಎರಡನೆಯ ಪೀಳಿಗೆಯನ್ನೂ ಮಾರುಕಟ್ಟೆಗೆ ತಂದಿತು. ಆದರೆ ಈ ಪುರಾತನ ಮುಖಚರ್ಯೆಯು ದೇವನಹಳ್ಳಿಯ ಹೆದ್ದಾರಿಯಲ್ಲಿ ನೋಟಕರನ್ನು ತಣಿಸುವುದಕ್ಕಷ್ಟೇ ಸಾಕು. ವಾಹನದ ನಿಜವಾದ ಸತ್ತ್ವವು ಅದರ ಹೊಟ್ಟೆಯ ಕೆಳಗಿದ್ದು, ಸವಾರನ ಕೈಯ ವಿವೇಕವನ್ನು ಪ್ರತಿಕ್ಷಣವೂ ಬೇಡುತ್ತದೆ ಎಂಬುದನ್ನು ಮಾಕಳಿದುರ್ಗದ ಸುತ್ತಣ ಕೆಮ್ಮಣ್ಣಿನ ಜಾಡುಗಳು ನನಗೆ ಕಲಿಸಿದುವು.

ಗೇರಿನ ಪಕ್ಕದಲ್ಲಿ ಇನ್ನೊಂದು ಕಿರಿಯ ಗೇರುಂಟು. ಅದರ ಟೂ-ಹೈ ಸ್ಥಾನದಲ್ಲಿ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಶಕ್ತಿ, ಫೋರ್-ಹೈನಲ್ಲಿ ನಾಲ್ಕಕ್ಕೂ, ಫೋರ್-ಲೋ ಎಂಬುದರಲ್ಲಿ ವೇಗವು ಕುಗ್ಗಿ ಬಲವು ಹಿಗ್ಗುತ್ತದೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ವೇಗದ ಅಂತರವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲದಿರುವುದರಿಂದ, ಒಣಗಿದ ಟಾರು ರಸ್ತೆಯ ತಿರುವಿನಲ್ಲಿ ಫೋರ್-ಹೈ ಹಾಕಿದರೆ ಚಕ್ರಗಳೆಲ್ಲವೂ ಒಂದನ್ನೊಂದು ಎಳೆದಾಡಿ, ಸ್ಟಿಯರಿಂಗು ಬಿಗಿದು, ಯಂತ್ರಾಂಗಗಳಿಗೆ ವೃಥಾ ಶ್ರಮವಾಗುತ್ತದೆ. ಸಡಿಲವಾದ ಮಣ್ಣಿನಲ್ಲಿಯೋ ಗಾಲಿ ತುಸು ಜಾರಿ ಆ ಬಿಗಿತ ತಾನೇ ತೀರುತ್ತದೆ.

ಚಿತ್ತೆ ಸ್ವಾತಿ ಮಳೆಗಳು ಹಿಡಿದಾಗ ರಾಗಿ ಹೊಲಗಳ ನಡುವಣ ಗಾಡಿ ಜಾಡು ಅಂಟು ಜೇಡಿಯಾಗಿ, ಟೈರಿನ ಗೀರುಗಳೆಲ್ಲ ತುಂಬಿ, ಚಕ್ರವು ಬೋಳು ಉರುಳೆಯಂತಾಗಿಬಿಡುತ್ತದೆ. ಅಂಥ ಜಾಡಿನಲ್ಲಿ ಒಂದು ಹಿಂಗಾಲಿ ಅಂತರಿಕ್ಷದಲ್ಲಿ ನಿಂತರೆ, ಎರಡು ಹಿಂಗಾಲಿಗಳ ನಡುವಣ ಡಿಫರೆನ್ಷಿಯಲ್ಲಿನ ಸ್ವಭಾವದಂತೆ ಆ ನಿರಾಧಾರ ಚಕ್ರವೇ ವ್ಯರ್ಥವಾಗಿ ಗಿರಗಿರನೆ ತಿರುಗುವುದು. ನನ್ನ ವಾಹನದ ಹಿಂದಿನ ಅಚ್ಚಿನಲ್ಲಿ ಇದಕ್ಕೆಂದೇ ಯಾಂತ್ರಿಕ ಲಾಕೊಂದಿದ್ದು, ಎರಡು ಹಿಂಗಾಲಿಗಳ ವೇಗದ ಅಂತರವು ಮಿತಿಯನ್ನು ಮೀರಿದಾಗ ಅದು ತಾನಾಗಿಯೇ ಬಿಗಿದುಕೊಳ್ಳುತ್ತದೆ. ಚಕ್ರ ತಿರುಗುವುದನ್ನು ಕಂಡು ಗಾಬರಿಯಿಂದ ಆಕ್ಸಿಲರೇಟರಿನಿಂದ ಕಾಲು ತೆಗೆದವನಿಗೆ ಅದರ ಉಪಕಾರ ದೊರೆಯದು. ಈ ರಹಸ್ಯವನ್ನು ನನಗೆ ತಿಳಿಸಿದವನು ಘಾಟಿ ಸುಬ್ರಹ್ಮಣ್ಯದ ಬಳಿಯ ಟ್ರಾಕ್ಟರ್ ಚಾಲಕ. ಟ್ರಾಕ್ಟರಿನಲ್ಲಿ ಅದೇ ಕಾರ್ಯಕ್ಕೆ ಪೆಡಲೊಂದಿರುತ್ತದೆ. ಉಳುವವನು ಬಹುಕಾಲದಿಂದ ಬಲ್ಲುದನ್ನು ನಾವು ನಗರಿಗರು ಈಗ ಸಾಹಸವೆಂಬ ಹೆಸರಿನಲ್ಲಿ ಹಣ ತೆತ್ತು ಕೊಳ್ಳುತ್ತಿದ್ದೇವೆ. ಥಾರಿನಲ್ಲಿಯೋ ಆಕ್ಸಿಲರೇಟರಿನ ಮೇಲಣ ಕಾಲನ್ನು ಕದಲಿಸದೆ ಹದವಾಗಿ ಒತ್ತಿಹಿಡಿದರೆ ಕಟಕ್ಕೆಂಬ ಸದ್ದು. ಮರುಗಳಿಗೆ ಗಾಡಿ ಮೇಲೆದ್ದು ಬರುತ್ತದೆ.

ಇಳಿಯುವಾಗಿನ ಪಾಠವೇ ಬೇರೆ. ನಾಲ್ಕು ಗಾಲಿಗಳ ಎಳೆತವು ಏರಲು ನೆರವಾಗುವುದಲ್ಲದೆ ನಿಲ್ಲಲು ನೆರವಾಗದು, ಏಕೆಂದರೆ ಬ್ರೇಕು ಸಾಧಾರಣ ಕಾರಿನಲ್ಲಿಯೂ ನಾಲ್ಕಕ್ಕೂ ಇದ್ದೇ ಇರುತ್ತದೆ. ಕೆಸರಿನ ಇಳಿಜಾರಿನಲ್ಲಿ ಬ್ರೇಕನ್ನು ತುಳಿಯದೆ, ಫೋರ್-ಲೋನ ಮೊದಲ ಗೇರಿನಲ್ಲಿಟ್ಟು, ಎಂಜಿನ್ನಿನ ಹಿಡಿತಕ್ಕೇ ವಾಹನವನ್ನು ಒಪ್ಪಿಸಿಬಿಡುವುದು ಲೇಸು.

650 ಮಿಲಿಮೀಟರು ಆಳದ ನೀರನ್ನು ದಾಟಬಲ್ಲುದೆಂದು ತಯಾರಕರು ಹೇಳುತ್ತಾರೆ. ಆದರೆ ಕೋಡಿ ಬಿದ್ದ ಕೆರೆಯ ಕೆಳಗೆ ಹರಿವ ನೀರಿಗೆ ಸೆಳೆತವೂ ಉಂಟು, ಅದರಡಿಯ ಗುಂಡಿಯು ಕಣ್ಣಿಗೆ ಕಾಣುವುದೂ ಇಲ್ಲ. ಆದಕಾರಣ ನಾನು ಮೊದಲು ಇಳಿದು ಕೋಲಿನಿಂದ ಅಂದಾಜು ಮಾಡುತ್ತೇನೆ, ಕೋಲು ಸಂಶಯಪಟ್ಟಲ್ಲಿ ಹಿಂದಿರುಗುತ್ತೇನೆ. ಒಳಗೆ ಕೆಸರು ತುಂಬಿದರೆ ನೆಲದ ಬಿರಡೆಗಳನ್ನು ತೆಗೆದು ನೀರು ಸುರಿಯಬಹುದು. ಇಡೀ ವಾಹನದಲ್ಲಿ ನನ್ನ ಮನೆಯವರು ಮೆಚ್ಚಿದ ಸೌಕರ್ಯ ಇದೊಂದೇ.

ಇಬ್ಬದಿಗೂ ಒಂದೊಂದೇ ಬಾಗಿಲಿರುವುದರಿಂದ ಹಿಂದೆ ಕೂರುವವರು ಮುಂದಿನ ಆಸನವನ್ನು ಮಡಿಸಿ, ಮೈಯನ್ನು ಕುಗ್ಗಿಸಿ ಒಳಹೋಗಬೇಕು. ಹೀಗಾಗಿ ಪುಷ್ಯ ಶುದ್ಧ ಷಷ್ಠಿಯಂದು ಘಾಟಿ ಸುಬ್ರಹ್ಮಣ್ಯನ ತೇರಿಗೆ ವೃದ್ಧರೊಡನೆ ಸಂಸಾರವೆಲ್ಲ ಹೊರಟಾಗ, ಥಾರನ್ನು ಮನೆಯಲ್ಲಿ ಬಿಟ್ಟು ದೊಡ್ಡಬಳ್ಳಾಪುರದಿಂದ ಬಸ್ಸು ಹತ್ತುತ್ತೇವೆ.