ಹಿತ್ತಲ ಕೋಳಿಗೆ ಅಗ್ಗದ ಮೇವು: ಬಯಲುಸೀಮೆಯ ನಾಲ್ಕು ತಾಲ್ಲೂಕುಗಳಿಂದ ಒಂದು ಪಾಠ

ಕಾಫಿಯಾಗಲಿ ಅಡಿಕೆಯಾಗಲಿ ವರ್ಷಕ್ಕೊಮ್ಮೆ ಹಣ ಕಾಣಿಸುವ ಬೆಳೆ. ನಡುವಿನ ತಿಂಗಳುಗಳಲ್ಲಿ ಉಪ್ಪು, ಎಣ್ಣೆ, ಮಕ್ಕಳ ಪುಸ್ತಕದಂಥ ಚಿಲ್ಲರೆ ಖರ್ಚನ್ನು ಮನೆಯ ಹೆಣ್ಣುಮಕ್ಕಳು ಹಿತ್ತಲ ಕೋಳಿಗಳ ಮೇಲೆ ತೂಗಿಸುತ್ತಾರೆ. ಆದರೆ ಅಂಗಡಿಯ ಮೇವನ್ನೇ ಹೊಟ್ಟೆತುಂಬ ಹಾಕಿದರೆ ಮೊಟ್ಟೆಯ ಹಣ ಮೇವಿನ ಚೀಲಕ್ಕೇ ಹೋಗುತ್ತದೆ. ಏನೂ ಹಾಕದೆ ಬಿಟ್ಟರೆ ಮೊಟ್ಟೆಯೇ ಸಿಗದು. ಈ ಎರಡರ ನಡುವಣ ದಾರಿಯನ್ನು ಇಲ್ಲಿ ನೋಡೋಣ.

ಉದಾಹರಣೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳನ್ನು ತೆಗೆದುಕೊಂಡಿದ್ದೇನೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆ, ಕೆರೆ, ಕೊಳವೆಬಾವಿಗಳೇ ಆಧಾರ. ಆದರೂ ಕೋಳಿಗೆ ಬೇಕಾದದ್ದೆಲ್ಲ ಅಲ್ಲೇ ಇದೆ. ಗೌರಿಬಿದನೂರಿನ ಕಡೆ ಮುಸುಕಿನ ಜೋಳ, ಚಿಂತಾಮಣಿಯ ಕಡೆ ರಾಗಿ ಮತ್ತು ಕಡಲೆಕಾಯಿ, ಶಿಡ್ಲಘಟ್ಟದಲ್ಲಿ ರೇಷ್ಮೆ, ಚಿಕ್ಕಬಳ್ಳಾಪುರದಲ್ಲಿ ತರಕಾರಿ.

ಮಿಶ್ರ ಗುಂಪಿನ ತೊಡಕು

ದೊಡ್ಡ ಫಾರಂಗಳಲ್ಲಿ ಒಂದು ಕೊಠಡಿಯ ಕೋಳಿಗಳೆಲ್ಲ ಒಂದೇ ವಯಸ್ಸಿನವು. ನಮ್ಮ ಹಿತ್ತಲಲ್ಲಾದರೋ ಹುಂಜ, ಮೊಟ್ಟೆಯಿಡುವ ಹೇಂಟೆ, ಬೆಳೆಯುವ ಯಾಟೆ, ನಿನ್ನೆ ಒಡೆದ ಮರಿ ಎಲ್ಲವೂ ಒಂದೇ ಅಂಗಳದಲ್ಲಿ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದ ಅಂಶ ಹೆಚ್ಚು. ಅದನ್ನೇ ಮರಿಗಳು ದಿನವೂ ತಿಂದರೆ ಮೂತ್ರಪಿಂಡ ಕೆಡುತ್ತದೆ. ಮರಿಗಳ ಮೇವು ದುಬಾರಿ. ಹುಂಜ ಅದನ್ನು ಮುಕ್ಕಿದರೆ ನಷ್ಟ.

ಇದಕ್ಕೆ ಪರಿಹಾರ ಸರಳ. ಸುಣ್ಣ ಬೆರೆಸದ ಒಂದೇ ಮಿಶ್ರಣವನ್ನು ದೊಡ್ಡ ಕೋಳಿಗಳಿಗೆಲ್ಲ ಕೊಡಬೇಕು. ಸುಣ್ಣವನ್ನು ಬೇರೆ ಬಟ್ಟಲಲ್ಲಿ ಇಡಬೇಕು. ಮರಿಗಳ ಮೇವನ್ನು ದೊಡ್ಡವು ನುಗ್ಗಲಾಗದ ಕಡೆ ಇಡಬೇಕು. ಬಿದಿರ ಕಡ್ಡಿಗಳನ್ನು ಮರಿ ಮಾತ್ರ ತೂರುವಷ್ಟು ಸಂದು ಬಿಟ್ಟು ಕಟ್ಟಿದರೆ ಸಾಕು. ಮೊದಲ ಆರು ವಾರ ಮರಿಗೆ ಅಂಗಡಿಯ ಮರಿ ಮೇವನ್ನೇ ಕೊಡುವುದು ಒಳ್ಳೆಯದು. ಅಷ್ಟು ದಿನಕ್ಕೆ ಒಂದು ಮರಿ ತಿನ್ನುವುದು ಸುಮಾರು 1 ಕಿಲೋ ಮಾತ್ರ. ಇಲ್ಲಿ ಕೈ ಹಿಡಿದರೆ ಮುಂದೆ ಕೋಳಿಯೇ ಬಲಿಯದು.

ಮನೆಯಲ್ಲೇ ಮಿಶ್ರಣ

ಸುಮಾರು 10 ಕಿಲೋ ಮಿಶ್ರಣಕ್ಕೆ: ಮುಸುಕಿನ ಜೋಳದ ನುಚ್ಚು 4 ಕಿಲೋ, ರಾಗಿ 2 ಕಿಲೋ, ಅಕ್ಕಿ ತೌಡು 2 ಕಿಲೋ, ಕಡಲೆಕಾಯಿ ಹಿಂಡಿ ಒಂದೂಕಾಲು ಕಿಲೋ, ಒಣಗಿಸಿದ ರೇಷ್ಮೆ ಪ್ಯೂಪಾ ಪುಡಿ ಅರ್ಧ ಕಿಲೋ, ಕೋಳಿಗೆಂದೇ ತಯಾರಿಸಿದ ಖನಿಜ ಮಿಶ್ರಣ 200 ಗ್ರಾಂ, ಉಪ್ಪು 30 ಗ್ರಾಂ. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಈ ಮಿಶ್ರಣದಲ್ಲಿ ಸುಮಾರು 15 ಭಾಗ ಸಸಾರಜನಕ ದೊರೆಯುತ್ತದೆ. ಮುಸುಕಿನ ಜೋಳದಲ್ಲಿ ಅದು ನೂರಕ್ಕೆ 9, ರಾಗಿಯಲ್ಲಿ 7ರಷ್ಟೇ. ಆದ್ದರಿಂದ ಬರೀ ಕಾಳು ಎರಚಿದರೆ ಕೋಳಿ ಕೊಬ್ಬುತ್ತದೆಯೇ ಹೊರತು ಮೊಟ್ಟೆ ಹೆಚ್ಚದು. ಮಲೆನಾಡಿನ ಸದಸ್ಯರು ಮುಸುಕಿನ ಜೋಳದ ಬದಲು ನುಚ್ಚಕ್ಕಿ ಬಳಸಬಹುದು.

ಪ್ಯೂಪಾ ಎಂದರೆ ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಹುಳು. ಒಣಗಿದ ಪ್ಯೂಪಾದಲ್ಲಿ ಅರ್ಧದಷ್ಟು ಸಸಾರಜನಕವೇ. ಆದರೆ ಎಣ್ಣೆಯೂ ಕಾಲು ಭಾಗದಷ್ಟಿರುವುದರಿಂದ ಬೇಗ ಮುಗ್ಗುತ್ತದೆ. ತಂದ ದಿನವೇ ಬಿಸಿಲಿಗೆ ಹರಡಿ ಗರಿಗರಿಯಾಗಿ ಒಣಗಿಸಬೇಕು; ಎರಡು ಮೂರು ವಾರಕ್ಕಾಗುವಷ್ಟೇ ತರಬೇಕು. ಪ್ರಮಾಣ ಮೀರಿದರೆ ಮೊಟ್ಟೆಗೂ ವಾಸನೆ ಹತ್ತುತ್ತದೆ. ಹುಳು ಸಾಕುವ ಮನೆಯಲ್ಲಿ ರೋಗ ತಗುಲಿದ ಹುಳುಗಳನ್ನಂತೂ ಕೋಳಿಗೆ ಎಸೆಯಕೂಡದು. ರೋಗ ಹರಡದಂತೆ ಅವನ್ನು ಸುಡಬೇಕು ಇಲ್ಲವೆ ಆಳವಾಗಿ ಹೂಳಬೇಕು. ಪ್ಯೂಪಾ ಸಿಗದ ಕಡೆ ಹಿಂಡಿಯನ್ನು ಅರ್ಧ ಕಿಲೋ ಹೆಚ್ಚಿಸಿದರಾಯಿತು.

ಹಿಂಡಿಯ ವಿಷಯದಲ್ಲಿ ಎಚ್ಚರಿಕೆ

ಕಡಲೆಕಾಯಿ ಹಿಂಡಿ ಅಗ್ಗವೆಂದು ಬೂಷ್ಟು ಹಿಡಿದದ್ದನ್ನು ಕೊಂಡರೆ ಗುಂಪೇ ನಾಶವಾಗಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯ ಬೂಷ್ಟಿನ ವಿಷ ಬೆಳಕಿಗೆ ಬಂತು. ಅದನ್ನೇ ಅಫ್ಲಾಟಾಕ್ಸಿನ್ ಎನ್ನುತ್ತಾರೆ. ಅದು ಯಕೃತ್ತನ್ನು ಕೆಡಿಸುತ್ತದೆ. ಬಾತುಕೋಳಿ, ಟರ್ಕಿ, ಎಳೆ ಮರಿಗಳು ಬೇಗ ಬಲಿಯಾಗುತ್ತವೆ. ಬೂಷ್ಟು ಒರೆಸಿ ಒಣಗಿಸಿದರೂ, ಬೇಯಿಸಿದರೂ ಈ ವಿಷ ಹೋಗದು. ಹಸಿರು ಕಪ್ಪು ಪುಡಿ ಕಂಡರೆ, ಉಂಡೆಗಟ್ಟಿದ್ದರೆ, ಮುಗ್ಗಲು ವಾಸನೆ ಬಂದರೆ ಗೊಬ್ಬರದ ಗುಂಡಿಯೇ ಅದಕ್ಕೆ ಜಾಗ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಮಳೆಗಾಲ ಉದ್ದವಾದ ನಮ್ಮ ತೋಟದ ಸೀಮೆಯಲ್ಲಿ ಈ ಮಾತು ಇನ್ನೂ ಮುಖ್ಯ.

ಕಾಫಿ ಹಣ್ಣಿನ ಸಿಪ್ಪೆ ಪುಕ್ಕಟೆ ಸಿಗುತ್ತದೆಂದು ಅದನ್ನು ಮೇವಿಗೆ ಸೇರಿಸುವ ಯೋಚನೆ ಬೇಡ. ಅದರಲ್ಲಿರುವ ಕೆಫೀನ್ ಮತ್ತು ಟ್ಯಾನಿನ್ ಕೋಳಿಗೆ ಒಗ್ಗುವುದಿಲ್ಲ. ಔಷಧಿ ಸಿಂಪಡಿಸಿದ ತೋಟದ ಸೊಪ್ಪು, ತರಕಾರಿಯನ್ನೂ ಕೊಡಬಾರದು.

ಸುಣ್ಣ

ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಧಾನ್ಯಗಳಲ್ಲೆಲ್ಲ ಕ್ಯಾಲ್ಸಿಯಂ ಹೆಚ್ಚಿರುವ ರಾಗಿಯೂ 100 ಗ್ರಾಂಗೆ ಒಂದು ಗ್ರಾಂನ ಮೂರನೇ ಒಂದು ಪಾಲು ಕೊಡುತ್ತದೆ, ಅಷ್ಟೆ. ಕೊರತೆ ಬಿದ್ದದ್ದನ್ನು ಹೇಂಟೆ ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ. ಮೊದಲು ಚಿಪ್ಪು ತೆಳುವಾಗುತ್ತದೆ, ಆಮೇಲೆ ಕಾಲು ಸೋಲುತ್ತದೆ. ಕಪ್ಪೆಚಿಪ್ಪು ಅಥವಾ ಸುಣ್ಣಕಲ್ಲಿನ ನುಚ್ಚನ್ನು ಬಟ್ಟಲಲ್ಲಿಡಿ. ಮನೆಯ ಮೊಟ್ಟೆ ಚಿಪ್ಪನ್ನು ಹುರಿದು ಪುಡಿಮಾಡಿಯೂ ಇಡಬಹುದು. ಬೇಕಾದ ಹೇಂಟೆ ತಾನೇ ಹೆಕ್ಕುತ್ತದೆ. ಚಿಪ್ಪು ಕೂಡುವುದು ಹೆಚ್ಚಾಗಿ ರಾತ್ರಿಯಾದ್ದರಿಂದ ಸಂಜೆ ಹೊತ್ತು ಬಟ್ಟಲು ಖಾಲಿ ಇರಬಾರದು. ಗೋಡೆಗೆ ಬಳಿಯುವ ಸುಟ್ಟ ಸುಣ್ಣವನ್ನು ಮಾತ್ರ ಎಂದೂ ಇಡಬೇಡಿ; ಅದು ಬಾಯಿ, ಗಂಟಲನ್ನು ಸುಡುತ್ತದೆ.

ಎಷ್ಟು, ಯಾವಾಗ?

ಕಟ್ಟಿಹಾಕಿದ ಮೊಟ್ಟೆ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ. ಹತ್ತು ಕೋಳಿಗೆ ತಿಂಗಳಿಗೆ 33 ಕಿಲೋ. ಮೇಯಲು ಬಿಟ್ಟ ನಾಟಿ ಕೋಳಿಗೆ 40 ಗ್ರಾಂ ಸಾಕು, ಅಂದರೆ ತಿಂಗಳಿಗೆ 12 ಕಿಲೋ. ಉಳಿದದ್ದನ್ನು ಹುಳು, ಹುಲ್ಲು, ಚೆಲ್ಲಿದ ಕಾಳಿನಲ್ಲಿ ಅದೇ ಸಂಪಾದಿಸುತ್ತದೆ. ಬೆಳಗ್ಗೆ ಮೂರರಲ್ಲಿ ಒಂದು ಪಾಲು, ಸಂಜೆ ಗೂಡಿಗೆ ಬಂದಾಗ ಎರಡು ಪಾಲು ಹಾಕಿ. ಬೆಳಗ್ಗೆಯೇ ಹೊಟ್ಟೆ ತುಂಬಿದ ಕೋಳಿ ಮೇಯಲು ಹೋಗದು.

ಸಂಜೆ ಮೇವು ಹಾಕುವ ಮೊದಲು ನಾಲ್ಕಾರು ಕೋಳಿಗಳ ಕತ್ತಿನ ಬುಡದ ಚೀಲವನ್ನು ಮುಟ್ಟಿ ನೋಡಿ. ರಾಗಿ ಒಕ್ಕಣೆಯ ಕಾಲದಲ್ಲಿ ಅದು ತುಂಬಿರುತ್ತದೆ, ಮೇವು ಇಳಿಸಿ. ಬೇಸಿಗೆಯಲ್ಲಿ ಬರಿದಾಗಿದ್ದರೆ 60 ಗ್ರಾಂವರೆಗೂ ಏರಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರದಂಥ ತಳಿಗಳು ನಾಟಿಗಿಂತ ಹೆಚ್ಚು ಮೊಟ್ಟೆ ಕೊಡುತ್ತವೆ. ಅದಕ್ಕೆ ತಕ್ಕಂತೆ ಮೇವೂ ಹೆಚ್ಚು ಬೇಕು. ಎರಡು ಮೂರು ಕಡೆ ತೊಟ್ಟಿ ಇಟ್ಟರೆ ಬಡಪಾಯಿ ಕೋಳಿಗೂ ಪಾಲು ಸಿಗುತ್ತದೆ. ಶುದ್ಧ ನೀರು ಸದಾ ಇರಲಿ.

ಲೆಕ್ಕ

ನಾಟಿ ಹೇಂಟೆ ವರ್ಷಕ್ಕೆ 60ರಿಂದ 80 ಮೊಟ್ಟೆ ಇಡುತ್ತದೆ. ಹತ್ತು ಹೇಂಟೆಗಳಿಂದ ತಿಂಗಳಿಗೆ ಸರಾಸರಿ 50ರಿಂದ 65. ನಿಮ್ಮೂರ ದರದಲ್ಲಿ 12 ಕಿಲೋ ಮಿಶ್ರಣದ ಬೆಲೆಯನ್ನು ಒಂದು ಮೊಟ್ಟೆಯ ಬೆಲೆಯಿಂದ ಭಾಗಿಸಿ. ಬಂದ ಸಂಖ್ಯೆಯಷ್ಟು ಮೊಟ್ಟೆ ಮೇವಿಗೆ, ಮಿಕ್ಕದ್ದು ಮನೆಗೆ. ಮಿಕ್ಕದ್ದೇನೂ ಇಲ್ಲವಾದರೆ ಮೊದಲು ನೋಡಬೇಕಾದದ್ದು ಹುಂಜಗಳ ಸಂಖ್ಯೆ. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಹೆಚ್ಚಿನವು ಮೇವು ತಿಂದು ಕೂಗುತ್ತವೆ, ಅಷ್ಟೆ. ಸದಸ್ಯರು ಮೂರು ತಿಂಗಳು ಈ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನ ಮೇಲಾದರೂ ಬರೆದಿಡಲಿ. ಮೇವು ಹೆಚ್ಚಿಸಬೇಕೋ ಇಳಿಸಬೇಕೋ ಎಂಬುದನ್ನು ಆ ಬರಹವೇ ಹೇಳುತ್ತದೆ.