ಅಪ್ಪನ ಸ್ಕೇಲು, ಅಮ್ಮನ ಮೊಬೈಲು

ಮಗನಿಗೆ 8 ವರ್ಷ. ಹೋಮ್‌ವರ್ಕ್ ಮಾಡದಿದ್ದರೆ ಯಜಮಾನರು ಸ್ಕೇಲಿನಲ್ಲಿ ಹೊಡೆಯುತ್ತಾರೆ. ಅವನು ಅಳುವುದನ್ನು ನೋಡಲಾಗದೆ ನಾನು ಮೊಬೈಲ್ ಕೊಡುತ್ತೇನೆ. ಈಗ ಶಾಲೆಯ ಡೈರಿಯನ್ನೇ ಬಚ್ಚಿಟ್ಟು ಸುಳ್ಳು ಹೇಳುತ್ತಿದ್ದಾನೆ. ಏನು ಮಾಡಲಿ?
– ಓದುಗರು, ಗಿರಿನಗರ

ಉತ್ತರ: ಅವನ ಸುಳ್ಳು ಏಟು ತಪ್ಪಿಸಿಕೊಳ್ಳುವ ದಾರಿ. ಹಾಗಾಗಿ ಮೊದಲು ಸ್ಕೇಲು ನಿಲ್ಲಬೇಕು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಅದೇ ಏಟು ಮನೆಯಲ್ಲಿ ಸರಿಯಾಗುವುದು ಹೇಗೆ? ನೀವೂ ಬದಲಾಗಬೇಕಮ್ಮ. ಅತ್ತರೆ ಮೊಬೈಲ್ ಸಿಗುತ್ತದೆಂದು ಅವನು ಕಲಿತುಬಿಟ್ಟಿದ್ದಾನೆ.

ಮಗು ಮಲಗಿದ ಮೇಲೆ ಇಬ್ಬರೂ ಕೂತು ಒಂದೇ ನಿಯಮ ಗೊತ್ತುಮಾಡಿ. ಸಂಜೆ ಆಡಿ ಬಂದ ಮೇಲೆ 20 ನಿಮಿಷ ಹೋಮ್‌ವರ್ಕ್. ಯಜಮಾನರು ಪಕ್ಕದಲ್ಲೇ ಕೂತಿರಲಿ. ಮುಗಿಸಿದರೆ ಅರ್ಧ ಗಂಟೆ ಟಿವಿ, ಇಲ್ಲದಿದ್ದರೆ ಆ ದಿನಕ್ಕೆ ಟಿವಿ ಇಲ್ಲ. ಮಾರನೇ ದಿನ ಹಳೆಯದನ್ನು ಎತ್ತಬೇಡಿ. ಆಟವನ್ನಂತೂ ಶಿಕ್ಷೆಯಾಗಿ ಕಿತ್ತುಕೊಳ್ಳಲೇಬೇಡಿ. ತಾನಾಗಿ ಡೈರಿ ತೋರಿಸಿದ ದಿನ, ಅದರಲ್ಲಿ ಏನೇ ರಿಮಾರ್ಕ್ ಇದ್ದರೂ, ಬೈಯಬೇಡಿ. ಸುಳ್ಳು ಬಿಡಿಸುವುದು ಇದೊಂದೇ. ಮೊದಲ ಎರಡು ವಾರ ಹಟ ಹೆಚ್ಚಾಗಬಹುದು, ಮಣಿಯಬೇಡಿ. ಯಜಮಾನರಿಗೆ ಕೋಪ ಏರಿದರೆ ಎದ್ದು ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರಲಿ.

ಬೋರ್ಡಿನಿಂದ ಬರೆದುಕೊಳ್ಳಲು, ಓದಲು ಅವನು ತಡವರಿಸುತ್ತಾನೆಯೇ ಎಂದು ಟೀಚರನ್ನು ಕೇಳಿ. ಹೌದೆಂದರೆ ಕಣ್ಣಿನ ಪರೀಕ್ಷೆ, ಕಲಿಕೆಯ ತೊಂದರೆಯ ಪರೀಕ್ಷೆ ಎರಡೂ ಬೇಕು. ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಬೆಳಿಗ್ಗೆ ಹೊಟ್ಟೆನೋವು ಶುರುವಾಗಿದ್ದರೆ ಕಾಯದೆ ಮಕ್ಕಳ ವೈದ್ಯರನ್ನು ಕಾಣಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ. ಏಟು ಕೈಮೀರಿ ಮೈಮೇಲೆ ಬಾಸುಂಡೆ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.